ತೂಕ ಇಳಿಸುವ ಇಂಜೆಕ್ಷನ್: ಸೂಜಿ ಅಗ್ಗವಾಗ್ತಿದೆ, ನಿಗಾ ಇಡೋರು ಯಾರು?

2025ರ ಅಕ್ಟೋಬರ್‌ನಲ್ಲಿ ದೇಶದ ಔಷಧ ಮಾರುಕಟ್ಟೆಯಲ್ಲಿ ಒಂದು ಪಲ್ಲಟ ಆಯಿತು. ಅಲ್ಲಿಯವರೆಗೆ ಹಣದ ಲೆಕ್ಕದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದದ್ದು ಆಗ್ಮೆಂಟಿನ್. ಗಂಟಲು ನೋವು, ಸೋಂಕು ಅಂತ ಹೋದರೆ ಡಾಕ್ಟರು ಬರೆದುಕೊಡುವ ಆಂಟಿಬಯಾಟಿಕ್. ಆ ತಿಂಗಳು ಅದನ್ನು ಹಿಂದಕ್ಕೆ ತಳ್ಳಿ ಸುಮಾರು 100 ಕೋಟಿ ರೂಪಾಯಿ ವಹಿವಾಟು ಮಾಡಿದ್ದು ಮೌಂಜಾರೋ. ಶುಗರ್‌ಗೂ ಬೊಜ್ಜಿಗೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದು. ಭಾರತಕ್ಕೆ ಬಂದಿದ್ದೇ ಅದೇ ವರ್ಷದ ಮಾರ್ಚ್‌ನಲ್ಲಿ. ಏಳು ತಿಂಗಳಲ್ಲಿ ನಂಬರ್ ಒನ್.

ಅದೂ ಯಾವ ಬೆಲೆಗೆ? 2.5 ಮಿ.ಗ್ರಾಂನ ಒಂದು ವೈಯಲ್‌ಗೆ 3,500 ರೂ., 5 ಮಿ.ಗ್ರಾಂಗೆ 4,375 ರೂ. ಅಂದರೆ ತಿಂಗಳಿಗೆ 14 ಸಾವಿರದಿಂದ ಹದಿನೇಳೂವರೆ ಸಾವಿರ. ಬೆಂಗಳೂರಲ್ಲಿ ಎಷ್ಟೋ ಜನರ ಮನೆ ಬಾಡಿಗೆ ಅದು. ಜೂನ್‌ನಲ್ಲಿ ನೋವೋ ನಾರ್ಡಿಸ್ಕ್ ಕಂಪನಿಯ ವೆಗೋವಿ ಬಂತು, ಶುರುವಿನ ಡೋಸ್‌ಗೆ ತಿಂಗಳಿಗೆ 17,345 ರೂ. ನವೆಂಬರ್ ಹೊತ್ತಿಗೆ ಅದೇ ಡೋಸ್ 10,850ಕ್ಕೆ ಇಳಿಯಿತು. ಡಿಸೆಂಬರ್‌ನಲ್ಲಿ ಓಜೆಂಪಿಕ್ ಬಂತು. ಈ ಆತುರಕ್ಕೆ ಕಾರಣ ಇತ್ತು. ವೆಗೋವಿ, ಓಜೆಂಪಿಕ್ ಎರಡರಲ್ಲೂ ಇರುವ ಸೆಮಗ್ಲುಟೈಡ್ ಮೇಲಿನ ಪೇಟೆಂಟ್ ಭಾರತದಲ್ಲಿ ಮುಗಿಯುವುದು 2026ರ ಮಾರ್ಚ್‌ಗೆ ಅಂತ ಎಲ್ಲರಿಗೂ ಗೊತ್ತಿತ್ತು. ಡಾ. ರೆಡ್ಡೀಸ್, ಸನ್ ಫಾರ್ಮಾ, ಜೈಡಸ್ ಥರದ ಕಂಪನಿಗಳು ಆ ದಿನಕ್ಕೆ ಮೊದಲೇ ಸಾಲಲ್ಲಿ ನಿಂತಿದ್ದವು. ನಮ್ಮ ಬೆಂಗಳೂರಿನ ಬಯೋಕಾನ್ ಇದೇ ಕುಟುಂಬದ ಹಳೆಯ ಔಷಧ ಲಿರಾಗ್ಲುಟೈಡ್‌ನ ಜೆನೆರಿಕ್‌ಗೆ 2024ರಲ್ಲೇ ಬ್ರಿಟನ್ನಿನ ಅನುಮತಿ ಪಡೆದಿತ್ತು.

ಔಷಧ ಅಗ್ಗವಾಗುವುದನ್ನು ನಾನು ವಿರೋಧಿಸಲ್ಲ. ಪೇಟೆಂಟ್ ಗೋಡೆ ಬಿದ್ದಾಗೆಲ್ಲ ಬಡವರಿಗೆ ಒಂದು ಬಾಗಿಲು ತೆರೆಯುತ್ತದೆ, ಎಚ್‌ಐವಿ ಔಷಧಗಳ ವಿಷಯದಲ್ಲಿ ಇದನ್ನು ನೋಡಿದ್ದೇವೆ. ಆದರೆ ಈ ಇಂಜೆಕ್ಷನ್ ಬಗ್ಗೆ ನಮ್ಮಲ್ಲಿ ನಡೆಯುತ್ತಿರುವ ಚರ್ಚೆ ಎರಡೇ ಥರದ್ದು. ಒಂದು, 'ಆರು ತಿಂಗಳಲ್ಲಿ 18 ಕೆಜಿ' ರೀಲ್ಸ್. ಇನ್ನೊಂದು, 'ಕ್ಯಾನ್ಸರ್ ಬರುತ್ತಂತೆ' ಅನ್ನೋ ವಾಟ್ಸಾಪ್ ಫಾರ್ವರ್ಡ್. ಯಾರಿಗೆ, ಎಷ್ಟು ಡೋಸ್, ತೊಂದರೆ ಆದರೆ ಯಾರು ನೋಡಿಕೊಳ್ಳುತ್ತಾರೆ ಅನ್ನೋ ಪ್ರಶ್ನೆಗಳು ಎರಡರಲ್ಲೂ ಇಲ್ಲ.

ಕೆಲಸ ಮಾಡುತ್ತಾ? ಮಾಡುತ್ತೆ

ಇದನ್ನು ಮೊದಲು ಒಪ್ಪಿಕೊಂಡುಬಿಡೋಣ. 2021ರಲ್ಲಿ ಪ್ರಕಟವಾದ 'ಸ್ಟೆಪ್ 1' ಪ್ರಯೋಗದಲ್ಲಿ 1,961 ಜನ ಇದ್ದರು. 68 ವಾರ ಸೆಮಗ್ಲುಟೈಡ್ ತಗೊಂಡವರ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು, ಬರೀ ನೀರಿನಂಥ ಸುಳ್ಳು ಇಂಜೆಕ್ಷನ್ ತಗೊಂಡವರದ್ದು ಶೇ 2.4. ಮೌಂಜಾರೋದಲ್ಲಿರುವ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಡೋಸ್‌ನಲ್ಲಿ 72 ವಾರಕ್ಕೆ ಶೇ 20.9. ಬರೀ ತೂಕದ ಮಾತಲ್ಲ. ಹೃದ್ರೋಗ ಇದ್ದು, ಶುಗರ್ ಇಲ್ಲದ, ದಪ್ಪ ಇರುವ 17,604 ಜನರ ಮೇಲೆ ನಡೆದ 'ಸೆಲೆಕ್ಟ್' ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಇವೆಲ್ಲ ಸೇರಿ ಶೇ 20ರಷ್ಟು ಕಮ್ಮಿಯಾದವು. ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಸ್ಟೆಂಟ್ ಹಾಕಿಸಿದ ನೆನಪಿರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹಿಂದಿನ ತೂಕ ಇಳಿಸುವ ಔಷಧಗಳ ಚರಿತ್ರೆ ಕೆಟ್ಟದಾಗಿದೆ, ಹಾಗಾಗಿ ಅನುಮಾನ ಸಹಜ. ಅಮೆರಿಕದಲ್ಲಿ 'ಫೆನ್-ಫೆನ್' ಹೃದಯದ ಕವಾಟ ಹಾಳು ಮಾಡುತ್ತೆ ಅಂತ ಗೊತ್ತಾಗಿ 1997ರಲ್ಲಿ ವಾಪಸ್ ಹೋಯಿತು. ಸಿಬುಟ್ರಮೈನ್ 2010ರಲ್ಲಿ ಅಮೆರಿಕ, ಯೂರೋಪಿನ ಮಾರುಕಟ್ಟೆಯಿಂದ ಹೊರಬಿತ್ತು, ಆಮೇಲೆ ಭಾರತವೂ ನಿಷೇಧಿಸಿತು. ಜಿಎಲ್‌ಪಿ-1 ಅನ್ನೋ ಈ ಕುಟುಂಬ ಹಾಗಲ್ಲ. ಇದರ ಮೊದಲ ಔಷಧಕ್ಕೆ ಅನುಮತಿ ಸಿಕ್ಕಿದ್ದು 2005ರಲ್ಲಿ. ಶುಗರ್ ರೋಗಿಗಳು ಎರಡು ದಶಕದಿಂದ ಬಳಸುತ್ತಿದ್ದಾರೆ. ಹಾಗಂತ ಅದೇ ಅನುಭವವನ್ನು ಮದುವೆಗೆ ಮುಂಚೆ 6 ಕೆಜಿ ಇಳಿಸಬೇಕು ಅಂತಿರುವ 26ರ ಹುಡುಗಿಗೆ ನೇರವಾಗಿ ಅನ್ವಯಿಸೋಕೆ ಆಗಲ್ಲ. ಪ್ರಯೋಗಗಳು ಅವಳ ಮೇಲೆ ನಡೆದಿಲ್ಲ.

ಹೊಟ್ಟೆ ನಿಧಾನ ಆದರೆ ಏನೇನಾಗುತ್ತೆ

ನಾವು ಉಂಡಾಗ ಕರುಳಲ್ಲಿ ಒಂದು ಹಾರ್ಮೋನು ಹುಟ್ಟುತ್ತದೆ. 'ಸಾಕು' ಅಂತ ಮಿದುಳಿಗೆ ಹೇಳುತ್ತೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತೆ, ಇನ್ಸುಲಿನ್ ಬಿಡಿಸುತ್ತೆ. ನಿಮಿಷಗಳಲ್ಲಿ ಕರಗಿಹೋಗುವ ಆ ಹಾರ್ಮೋನಿನ ವೇಷ ಹಾಕಿಕೊಂಡು ಔಷಧ ದಿನಗಟ್ಟಲೆ ದೇಹದಲ್ಲಿ ನಿಲ್ಲುತ್ತದೆ. ಅಡ್ಡಪರಿಣಾಮಗಳ ಬಹುಪಾಲು ಇಲ್ಲಿಂದಲೇ ಬರುತ್ತವೆ. ಸ್ಟೆಪ್ 1ರಲ್ಲಿ ಸೆಮಗ್ಲುಟೈಡ್ ತಗೊಂಡವರಲ್ಲಿ ಶೇ 44 ಜನಕ್ಕೆ ವಾಕರಿಕೆ, ಶೇ 31ಕ್ಕೆ ಭೇದಿ, ಶೇ 25ರಷ್ಟು ಜನಕ್ಕೆ ವಾಂತಿ, ಶೇ 23ಕ್ಕೆ ಮಲಬದ್ಧತೆ. ಬಹಳಷ್ಟು ಜನರಿಗೆ ಇದು ಡೋಸ್ ಏರಿಸುವ ಹೊತ್ತಲ್ಲಿ ಬಂದು ಹೋಗುವಂಥದ್ದು. ಹೊಟ್ಟೆಯ ತೊಂದರೆಯಿಂದಲೇ ಔಷಧ ಬಿಟ್ಟವರು ಶೇ 4.5 ಮಾತ್ರ.

ಆದರೆ ಆ ಪ್ರಯೋಗದಲ್ಲಿ ನಾಲ್ಕು ವಾರಕ್ಕೊಮ್ಮೆ ಅಷ್ಟಷ್ಟೇ ಡೋಸ್ ಏರಿಸುತ್ತಿದ್ದರು. ಫೋನ್ ಮಾಡಿದರೆ ಎತ್ತುವ ಡಾಕ್ಟರು ಇದ್ದರು. ಇಲ್ಲಿ ನಡೆಯೋದು ಬೇರೆ: 'ಒಂದು ತಿಂಗಳಾಯ್ತು, ಏನೂ ಇಳಿದಿಲ್ಲ, ನೇರ 5ಕ್ಕೆ ಹೋಗ್ಲಾ, ಏಳೂವರೆಗೆ ಹೋಗ್ಲಾ?' ಮಾತ್ರೆ ನುಂಗಿ ವಾಂತಿಯಾದರೆ ಮಾರನೇ ದಿನ ಬಿಟ್ಟರೆ ಆಯಿತು. ಇದು ಹಾಗಲ್ಲ. ಸೆಮಗ್ಲುಟೈಡ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಪೂರ್ತಿ ಹೋಗೋಕೆ ಐದು ವಾರ. ಒಮ್ಮೆ ಚುಚ್ಚಿದ ಮೇಲೆ 'ಅನ್‌ಡೂ' ಬಟನ್ ಇಲ್ಲ. ಏಪ್ರಿಲ್‌ನ ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಎರಡು ದಿನ ವಾಂತಿ ಭೇದಿ ಅಂದರೆ ನೀರು ಬತ್ತಿ ಕಿಡ್ನಿಗೆ ಹೊಡೆತ ಬೀಳಬಹುದು. ಎಚ್ಚರಿಕೆಯ ಹಾಳೆಯಲ್ಲಿ ಈ ಸಾಲು ಇದೆ, ಆ ಹಾಳೆ ಯಾರೂ ಓದಲ್ಲ.

ಇನ್ನೊಂದು, ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ಶುಗರ್ ಇರುವ ಲಕ್ಷಾಂತರ ಜನ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ. ಅದು ಏನೂ ತಿನ್ನದಿದ್ದರೂ ಇನ್ಸುಲಿನ್ ಹಿಂಡುತ್ತದೆ. ಅದರ ಜೊತೆಗೆ ಹಸಿವೇ ಆಗದಂತೆ ಮಾಡುವ ಇಂಜೆಕ್ಷನ್ ಸೇರಿದರೆ ಸಕ್ಕರೆ ಧಡಕ್ಕನೆ ಕುಸಿಯಬಹುದು. ಹಳೆ ಮಾತ್ರೆಯ ಡೋಸ್ ಕಮ್ಮಿ ಮಾಡಬೇಕು ಅನ್ನೋದು ಡಾಕ್ಟರಿಗೆ ಗೊತ್ತಿರುತ್ತದೆ, ಆನ್‌ಲೈನ್ ಕಾರ್ಟ್‌ಗೆ ಗೊತ್ತಿರಲ್ಲ. ಶುಗರ್‌ನಿಂದ ಕಣ್ಣಿನ ಹಿಂಭಾಗದ ರೆಟಿನಾ ಆಗಲೇ ಹಾಳಾಗಿರುವವರಲ್ಲಿ ಸಕ್ಕರೆ ವೇಗವಾಗಿ ಇಳಿದಾಗ ಆ ತೊಂದರೆ ಹೆಚ್ಚಬಹುದು ಅಂತಲೂ ಹಿಂದಿನ ಪ್ರಯೋಗಗಳು ತೋರಿಸಿವೆ. ಶುರು ಮಾಡೋ ಮುಂಚೆ ರೆಟಿನಾ ಪರೀಕ್ಷೆ ಮಾಡಿಸಿ ಅಂತ ಹೇಳುವುದು ಅದಕ್ಕೇ.

ಕಮ್ಮಿಯಾದ ಕೆಜಿ ಯಾವುದರದ್ದು?

ನನ್ನ ಪ್ರಕಾರ ಭಾರತದ ಮಟ್ಟಿಗೆ ದೊಡ್ಡ ಪ್ರಶ್ನೆ ಇದು, ಅತಿ ಕಮ್ಮಿ ಚರ್ಚೆ ಆಗುತ್ತಿರುವುದೂ ಇದೇ. ತೂಕದ ಯಂತ್ರ ಒಂದೇ ಸಂಖ್ಯೆ ತೋರಿಸುತ್ತೆ. ಇಳಿದದ್ದು ಕೊಬ್ಬಾ, ಮಾಂಸಖಂಡವಾ ಅಂತ ಹೇಳಲ್ಲ. ಸ್ಟೆಪ್ 1ರಲ್ಲಿ ಸ್ಕ್ಯಾನ್ ಮಾಡಿ ನೋಡಿದ ಒಂದು ಸಣ್ಣ ಗುಂಪಿನಲ್ಲಿ, ಇಳಿದ ತೂಕದಲ್ಲಿ ಸುಮಾರು ಶೇ 40 ಕೊಬ್ಬಲ್ಲದ ಭಾಗವಾಗಿತ್ತು. ಟಿರ್ಜೆಪಟೈಡ್‌ನಲ್ಲಿ ಇದು ಸುಮಾರು ಶೇ 25. ಕೊಬ್ಬಲ್ಲದ್ದೆಲ್ಲ ಸ್ನಾಯು ಅಲ್ಲ, ಹೇಗೆ ತೂಕ ಇಳಿಸಿದರೂ ಸ್ವಲ್ಪ ಸ್ನಾಯು ಹೋಗುತ್ತೆ, ಎರಡೂ ನಿಜ. ಆದರೆ ನಾವು ಶುರು ಮಾಡುವ ಜಾಗವೇ ಬೇರೆ. ನೋಡೋಕೆ ಸಣ್ಣಗೆ, ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ, ಇದು ಭಾರತೀಯ ದೇಹದ ಬಗ್ಗೆ ವೈದ್ಯರು ದಶಕಗಳಿಂದ ಹೇಳುತ್ತಿರುವ ಮಾತು.

ಈಗ ತಟ್ಟೆ ನೋಡಿ. ಬೆಳಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು ಪಲ್ಯ, ರಾತ್ರಿ ಮತ್ತೆ ಅನ್ನವೋ ಮುದ್ದೆಯೋ. ಪ್ರೋಟೀನು ಎಲ್ಲಿದೆ ಅಂತ ಹುಡುಕಬೇಕು. ಇಂಥ ಊಟವೇ ಅರ್ಧಕ್ಕೆ ಇಳಿದರೆ ಪ್ರೋಟೀನೂ ಅರ್ಧಕ್ಕೆ ಇಳಿಯುತ್ತೆ. ವಾರಕ್ಕೆರಡು ಮೂರು ಸಲ ಭಾರ ಎತ್ತುವ ವ್ಯಾಯಾಮ, ಮೊಟ್ಟೆ, ಕಾಳು, ಮೊಸರು, ಮೀನು ಇವೆಲ್ಲ ಚೀಟಿಯ ಭಾಗವೇ ಆಗಬೇಕಾದ್ದು, 'ಆದ್ರೆ ಮಾಡಿ' ಅನ್ನೋ ಸಲಹೆಯಲ್ಲ. (ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಬೇಕಾ ಬೇಡವಾ ಅಂತ ವರ್ಷಗಟ್ಟಲೆ ಜಗಳವಾಡಿದ ರಾಜ್ಯ ನಮ್ಮದು, ಅದೂ ನೆನಪಿರಲಿ.) ಔಷಧ ಬಿಟ್ಟ ಮೇಲೆ ತೂಕ ವಾಪಸ್ ಬರುವಾಗ ಕೊಬ್ಬು ಸುಲಭವಾಗಿ ಬರುತ್ತೆ, ಸ್ನಾಯು ದುಡಿಯದೆ ಬರಲ್ಲ. ಮತ್ತು ತೂಕ ವಾಪಸ್ ಬರುತ್ತೆ: ಸ್ಟೆಪ್ 1 ಮುಗಿದು ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಕಳೆದುಕೊಂಡ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಅಂದರೆ ಇದು 'ಕೋರ್ಸ್' ಅಲ್ಲ, ಬಿಪಿ ಮಾತ್ರೆಯ ಹಾಗೆ ವರ್ಷಗಟ್ಟಲೆಯ ಸಂಬಂಧ. 'ಮೂರು ತಿಂಗಳ ಪ್ಯಾಕೇಜ್' ಅಂತ ಮಾರುವ ಕ್ಲಿನಿಕ್ ಇದನ್ನು ಹೇಳುತ್ತಾ ಅಂತ ಕೇಳಿ ನೋಡಿ.

ಭಯ ಬೇಕಾದ ಕಡೆ ಇಲ್ಲ

ಥೈರಾಯ್ಡ್ ಕ್ಯಾನ್ಸರ್ ಭಯ ಬಂದಿದ್ದು ಇಲಿಗಳ ಮೇಲಿನ ಅಧ್ಯಯನದಿಂದ. ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಸ್ವಂತಕ್ಕೋ ಕುಟುಂಬದಲ್ಲೋ ಇದ್ದವರು ತಗೋಬಾರದು ಅಂತ ಅಮೆರಿಕದ ಲೇಬಲ್‌ನಲ್ಲಿ ದಪ್ಪ ಚೌಕದೊಳಗೆ ಬರೆದಿದೆ. ಆ ಇತಿಹಾಸ ಇಲ್ಲದವರು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆತ್ಮಹತ್ಯೆಯ ಯೋಚನೆಗಳ ಬಗ್ಗೆ ಬಂದ ದೂರುಗಳನ್ನು ಯೂರೋಪು, ಅಮೆರಿಕ ಎರಡೂ ಕಡೆ ಪರಿಶೀಲಿಸಿ ಕಾರಣ-ಪರಿಣಾಮದ ನಂಟು ಕಾಣಲಿಲ್ಲ ಅಂದರು. 2026ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಆ ಎಚ್ಚರಿಕೆಯನ್ನೇ ತೆಗೆಯಿರಿ ಅಂತ ಕಂಪನಿಗಳಿಗೆ ಹೇಳಿತು. ಕಣ್ಣಿನ ನರಕ್ಕೆ ರಕ್ತ ನಿಂತು ದಿಢೀರ್ ದೃಷ್ಟಿ ಹೋಗುವ ತೊಂದರೆ ಮಾತ್ರ ನಿಜ ಅಂತ ಯೂರೋಪಿನ ನಿಯಂತ್ರಕರು 2025ರ ಜೂನ್‌ನಲ್ಲಿ ಒಪ್ಪಿಕೊಂಡರು. ಆದರೆ ಬಹಳ ಅಪರೂಪ, ಸೆಮಗ್ಲುಟೈಡ್ ಬಳಸುವ 10,000 ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ.

ಇದಕ್ಕಿಂತ ಸಾಮಾನ್ಯವಾದದ್ದು ಪಿತ್ತಕೋಶದ ಕಲ್ಲು. ಸ್ಟೆಪ್ 1ರಲ್ಲಿ ಪಿತ್ತಕೋಶದ ತೊಂದರೆ ಔಷಧ ತಗೊಂಡವರಲ್ಲಿ ಶೇ 2.6, ತಗೊಳ್ಳದವರಲ್ಲಿ ಶೇ 1.2. ಅದರ ಬಗ್ಗೆ ಒಂದು ರೀಲ್ ನೋಡಿದ್ದೀರಾ? ಪ್ಯಾಂಕ್ರಿಯಾಸ್ ಊತ ಅಪರೂಪ, ಆದರೆ ಬಂದರೆ ಜೀವಕ್ಕೇ ಅಪಾಯ. ಮೇಲ್ಹೊಟ್ಟೆಯಲ್ಲಿ ಬಿಡದೆ ಬೆನ್ನಿಗೆ ಹೊಡೆಯುವ ತೀವ್ರ ನೋವು ಬಂದರೆ ಅದು ಗ್ಯಾಸ್ಟ್ರಿಕ್ ಅಂತ ಈನೋ ಕುಡಿದು ಮಲಗೋ ಹೊತ್ತಲ್ಲ, ಆಸ್ಪತ್ರೆಗೆ ಹೋಗೋ ಹೊತ್ತು. ಶಸ್ತ್ರಚಿಕಿತ್ಸೆಗೆ ಹೋಗುವವರು ಅರಿವಳಿಕೆ ಕೊಡುವ ಡಾಕ್ಟರಿಗೆ ಈ ಇಂಜೆಕ್ಷನ್ ವಿಷಯ ಹೇಳಲೇಬೇಕು. ಉಪವಾಸ ಇದ್ದರೂ ಹೊಟ್ಟೆ ಖಾಲಿ ಆಗಿರದೆ, ಪ್ರಜ್ಞೆ ಇಲ್ಲದಾಗ ಆಹಾರ ಶ್ವಾಸಕೋಶಕ್ಕೆ ಹೋಗಬಹುದು.

ಹೆಣ್ಣುಮಕ್ಕಳು ಇದೊಂದನ್ನು ಗಮನಿಸಿ. ಟಿರ್ಜೆಪಟೈಡ್ ಬಳಸುವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಶುರು ಮಾಡಿದ ಮೇಲೆ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೆ ನಾಲ್ಕು ವಾರ ಕಾಂಡೋಮ್‌ನಂಥ ಇನ್ನೊಂದು ವಿಧಾನ ಬೇಕು. ಗರ್ಭಿಣಿಯರು ಈ ಔಷಧ ತಗೊಳ್ಳುವಂತಿಲ್ಲ. ಮಗು ಬೇಕು ಅನ್ನುವವರು ಸೆಮಗ್ಲುಟೈಡನ್ನು ಕನಿಷ್ಠ ಎರಡು ತಿಂಗಳ ಮುಂಚೆಯೇ ನಿಲ್ಲಿಸಬೇಕು. ಮದುವೆಗೆ ಮುಂಚೆ ಸಣ್ಣ ಆಗು ಅಂತ ಒತ್ತಡ ಹಾಕೋದು, ಮದುವೆಯಾದ ಮೂರನೇ ತಿಂಗಳಿಗೆ 'ಏನಾದ್ರೂ ವಿಶೇಷ?' ಅಂತ ಕೇಳೋದು ಒಂದೇ ಕುಟುಂಬ ಅಲ್ವಾ? ಈ ಎರಡು ಒತ್ತಡಗಳ ನಡುವಿನ ಅಂತರದಲ್ಲಿ ಒಂದು ಔಷಧ ಅವಳ ದೇಹದಲ್ಲಿ ಇನ್ನೂ ಉಳಿದಿರಬಹುದು. ಅದನ್ನು ಅವಳಿಗೆ ಹೇಳುವವರು ಯಾರು?

ಯೂನಿಟ್ ಬರೆಯದಿದ್ದರೆ ಮಾರ್ಕ್ಸ್ ಇಲ್ಲ

ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು, ಉತ್ತರದ ಸಂಖ್ಯೆ ಸರಿಯಿದ್ದರೂ ಯೂನಿಟ್ ಬರೆಯದಿದ್ದರೆ ಮಾರ್ಕ್ಸ್ ಕಟ್. 1999ರಲ್ಲಿ ನಾಸಾದ ಮಂಗಳಯಾನ ನೌಕೆಯೊಂದು ನಾಶವಾದದ್ದು ಒಂದು ತಂಡ ಪೌಂಡ್‌ನಲ್ಲಿ, ಇನ್ನೊಂದು ತಂಡ ನ್ಯೂಟನ್‌ನಲ್ಲಿ ಲೆಕ್ಕ ಮಾಡಿದ್ದಕ್ಕೆ. ಅಂಥದ್ದೇ ಒಂದು ಗೊಂದಲ ಈಗ ನಮ್ಮ ಅಡುಗೆಮನೆಯ ಫ್ರಿಜ್‌ಗೆ ಬಂದಿದೆ.

ಡೋಸ್ ಬರೆಯೋದು ಮಿ.ಗ್ರಾಂನಲ್ಲಿ. ವೈಯಲ್‌ನಲ್ಲಿ ಇರೋದು ಎಂಎಲ್ ಲೆಕ್ಕದ ದ್ರವ. ಮನೆಯಲ್ಲಿ ಕೈಗೆ ಸಿಗೋದು ಇನ್ಸುಲಿನ್ ಸಿರಿಂಜ್, ಅದರ ಮೇಲಿನ ಗೆರೆಗಳು 'ಯೂನಿಟ್'. ಮೌಂಜಾರೋ ವೈಯಲ್‌ನಲ್ಲಿ 2.5 ಮಿ.ಗ್ರಾಂ ಇದ್ದರೂ, 5 ಮಿ.ಗ್ರಾಂ ಇದ್ದರೂ ದ್ರವ ಅರ್ಧ ಎಂಎಲ್. 100 ಯೂನಿಟ್‌ಗೆ ಒಂದು ಎಂಎಲ್ ಅನ್ನೋ ಸಿರಿಂಜ್‌ನಲ್ಲಿ ಎರಡೂ 50ನೇ ಗೆರೆಗೇ ಬರುತ್ತವೆ. 'ನಾನು 50 ತಗೋತೀನಿ, ನೀನೂ ತಗೋ' ಅಂತ ಗೆಳತಿ ಹೇಳಿದರೆ ಅದು ಎರಡೂವರೆಯೋ ಐದೋ? ಬೇರೆ ಬೇರೆ ಕಂಪನಿಗಳ ಸೆಮಗ್ಲುಟೈಡ್, ಬೇರೆ ಬೇರೆ ಸಾಂದ್ರತೆ, ಕೆಲವು ಪೆನ್, ಕೆಲವು ವೈಯಲ್ ಆದರೆ ಈ ಲೆಕ್ಕ ಇನ್ನೂ ಕೆಡುತ್ತದೆ. ಕಲ್ಪನೆಯ ಮಾತಲ್ಲ. ಅಮೆರಿಕದಲ್ಲಿ ಫಾರ್ಮಸಿಗಳೇ ಬೆರೆಸಿ ವೈಯಲ್‌ನಲ್ಲಿ ಮಾರಿದ ಸೆಮಗ್ಲುಟೈಡನ್ನು ಜನ ತಪ್ಪಾಗಿ ಎಳೆದುಕೊಂಡು, ಬೇಕಾದ್ದಕ್ಕಿಂತ 5ರಿಂದ 20 ಪಟ್ಟು ಚುಚ್ಚಿಕೊಂಡು ಆಸ್ಪತ್ರೆ ಸೇರಿದ ಪ್ರಕರಣಗಳ ಬಗ್ಗೆ ಎಫ್‌ಡಿಎ 2024ರ ಜುಲೈನಲ್ಲಿ ಎಚ್ಚರಿಸಿತು. ಅದಕ್ಕೆ ಒಂದು ತಿಂಗಳು ಮುಂಚೆ ವಿಶ್ವ ಆರೋಗ್ಯ ಸಂಸ್ಥೆ ನಕಲಿ ಓಜೆಂಪಿಕ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಕನ್ನಡದಲ್ಲಿ, ಚಿತ್ರದ ಸಮೇತ, ಈ ಸಿರಿಂಜ್‌ನ ಯಾವ ಗೆರೆ ಅಂತ ತೋರಿಸುವ ಒಂದು ಹಾಳೆ ಪ್ರತಿ ಡಬ್ಬಿಯಲ್ಲಿ ಕಡ್ಡಾಯ ಮಾಡೋಕೆ ಎಷ್ಟು ಖರ್ಚಾಗುತ್ತೆ? ಭಾಷೆ ಬಗ್ಗೆ ದಿನಾ ಮಾತಾಡುವ ನಾವು ಇದನ್ನೂ ಕೇಳಬೇಕು. ಬೋರ್ಡ್‌ನ ಕನ್ನಡಕ್ಕಿಂತ ಔಷಧದ ಡಬ್ಬಿಯ ಕನ್ನಡ ಕಮ್ಮಿ ಮುಖ್ಯವಾ?

ನಿಯಮ ಇದೆ, ನಿಗಾ ಇಲ್ಲ

ಕಾಗದದ ಮೇಲೆ ಎಲ್ಲ ಸರಿಯಾಗೇ ಇದೆ. ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ಬಿಎಂಐ 30 ದಾಟಿರಬೇಕು, ಇಲ್ಲವೇ 27 ದಾಟಿ ಜೊತೆಗೆ ಬಿಪಿ, ಶುಗರ್‌ನಂಥ ತೊಂದರೆ ಇರಬೇಕು. ಬೊಜ್ಜು ಕರಗಿಸುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ. ಅದಕ್ಕೇ ಈಗ ಔಷಧದ ಹೆಸರಿಲ್ಲದ 'ಬೊಜ್ಜು ಒಂದು ರೋಗ, ಡಾಕ್ಟರ ಹತ್ತಿರ ಮಾತಾಡಿ' ಅನ್ನೋ ಜಾಗೃತಿ ಜಾಹೀರಾತು. ಆ ಸಾಲು ಸುಳ್ಳಲ್ಲ. ಆದರೆ ದುಡ್ಡು ಕೊಟ್ಟು ಹಾಕಿಸಿದವರು ಯಾರು ಅಂತ ನೋಡಿದರೆ ಸಾಕು.

ಮೆಡಿಕಲ್ ಶಾಪ್‌ನಲ್ಲಿ ಚೀಟಿ ಕೇಳದೆ ಆಂಟಿಬಯಾಟಿಕ್ ಕೊಡುವ ದೇಶದಲ್ಲಿ ಈ ಇಂಜೆಕ್ಷನ್ ಮಾತ್ರ ನಿಯಮದ ಪ್ರಕಾರ ನಡೆಯುತ್ತೆ ಅಂತ ನಂಬೋಕೆ ಕಾರಣ ಇಲ್ಲ. 2025ರ ಜುಲೈನಲ್ಲಿ ತೂಕ ಇಳಿಸುವ ಔಷಧಗಳ ಸುರಕ್ಷತೆ ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದೆಹಲಿ ಹೈಕೋರ್ಟ್ ಮುಂದೆ ಬಂದಾಗ, ಮೂರು ತಿಂಗಳಲ್ಲಿ ನಿರ್ಧರಿಸಿ ಅಂತ ಕೋರ್ಟು ಕೇಂದ್ರದ ಔಷಧ ನಿಯಂತ್ರಕರ ಕಡೆಗೇ ಕಳಿಸಿತು. ರಾಜ್ಯದ ಕಥೆ ಗೊತ್ತೇ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗ ಅನುಮಾನ ಬಿದ್ದಿದ್ದು ಅವರಿಗೆ ಹಾಕಿದ ಐವಿ ದ್ರಾವಣದ ಮೇಲೆ. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಸಾವಾದ ಮೇಲೆ ಎಚ್ಚರಾಗುವ ಇಲಾಖೆಯ ಕೈಗೆ, ಫ್ರಿಜ್‌ನಲ್ಲೇ ಸಾಗಿಸಬೇಕಾದ, ದುಬಾರಿಯಾದ್ದರಿಂದ ನಕಲು ಮಾಡುವವರಿಗೆ ಲಾಭ ತರುವ ಔಷಧವೊಂದು ಈಗ ಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಬೊಜ್ಜಿಗೆ ಈ ಔಷಧಗಳನ್ನು ಬಳಸಬಹುದು ಅಂತ ಶಿಫಾರಸು ಮಾಡಿತು. ಆದರೆ 'ಷರತ್ತಿನ' ಶಿಫಾರಸು. ದೀರ್ಘಕಾಲದ ಮಾಹಿತಿ ಕಮ್ಮಿ, ಬೆಲೆ ಜಾಸ್ತಿ, ಆರೋಗ್ಯ ವ್ಯವಸ್ಥೆಗಳು ತಯಾರಿಲ್ಲ ಅನ್ನೋದು ಕಾರಣ. ಮೂರನೆಯದು ನಮಗೇ ಬರೆದ ಹಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ ಶೇ 24 ಹೆಂಗಸರು, ಶೇ 23ರಷ್ಟು ಗಂಡಸರು ಅತಿತೂಕದವರು. ಕರ್ನಾಟಕದಲ್ಲಿ ಇಬ್ಬರದ್ದೂ ಶೇ 30 ದಾಟಿದೆ. ಇಷ್ಟು ಜನರಲ್ಲಿ ಸಣ್ಣ ಪಾಲು ಇದನ್ನು ಶುರು ಮಾಡಿದರೂ, ಅಪರೂಪದ ಅಡ್ಡಪರಿಣಾಮ ಅಪರೂಪವಾಗಿ ಉಳಿಯಲ್ಲ. ಹತ್ತು ಸಾವಿರಕ್ಕೊಂದು ಅಂದರೆ ಹತ್ತು ಲಕ್ಷ ಜನರಲ್ಲಿ ನೂರು.

ಆ ನೂರನ್ನು ಎಣಿಸೋಕೆ ಒಂದು ವ್ಯವಸ್ಥೆ ಇದೆ. 2010ರಲ್ಲಿ ಶುರುವಾದ ಭಾರತೀಯ ಔಷಧ ನಿಗಾ ಕಾರ್ಯಕ್ರಮ, ಗಾಜಿಯಾಬಾದ್‌ನಿಂದ ನಡೆಯುತ್ತೆ. ಡಾಕ್ಟರೇ ಆಗಬೇಕಿಲ್ಲ, ರೋಗಿಯೂ 1800-180-3024ಕ್ಕೆ ಫೋನ್ ಮಾಡಿ ಅಡ್ಡಪರಿಣಾಮ ದಾಖಲಿಸಬಹುದು, ದುಡ್ಡಿಲ್ಲ. ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಹೇಳೋದಾದರೆ ಇದು ಬಗ್ ರಿಪೋರ್ಟ್. ಬಳಕೆದಾರರು ಬರೆಯದಿದ್ದರೆ ಕಂಪನಿ 'ಎಲ್ಲ ಸರಿಯಿದೆ' ಅಂತಲೇ ಹೇಳುತ್ತೆ. ಪಾಶ್ಚಾತ್ಯ ದೇಹಗಳ ಮೇಲಿನ ಅಂಕಿಗಳನ್ನು ಇಟ್ಟುಕೊಂಡು ನಮ್ಮ ಬಗ್ಗೆ ಊಹೆ ಮಾಡುವುದು ತಪ್ಪಬೇಕಾದರೆ ನಮ್ಮ ಅಂಕಿ ಬೇಕು: ಗ್ಲಿಮೆಪಿರೈಡ್ ಜೊತೆ ಎಷ್ಟು ಜನ ಕುಸಿದುಬಿದ್ದರು, ಎಷ್ಟು ಜನಕ್ಕೆ ಪಿತ್ತಕೋಶ ತೆಗೆಸಬೇಕಾಯಿತು, ಎಷ್ಟು ಜನ ಸಿರಿಂಜ್ ಗೆರೆ ತಪ್ಪಿದರು.

ಈ ನಂಬರ್ ಮತ್ತು ಕ್ಯೂಆರ್ ಕೋಡನ್ನು ಪ್ರತಿ ಮೆಡಿಕಲ್ ಶಾಪ್‌ನಲ್ಲೂ ಕಾಣುವ ಹಾಗೆ ಹಾಕಿಸಿ ಅಂತ 2025ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ರಾಜ್ಯಗಳಿಗೆ ಹೇಳಿದ್ದಾರೆ. ಮುಂದಿನ ಸಲ ಡೋಲೋ ತರೋಕೆ ಹೋದಾಗ ನಿಮ್ಮ ಬೀದಿಯ ಅಂಗಡಿಯ ಗೋಡೆ ಮೇಲೆ ಅದು ಇದೆಯಾ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಅಂಗಡಿಯವರನ್ನೂ, ನಿಮ್ಮ ಜಿಲ್ಲೆಯ ಔಷಧ ಇನ್‌ಸ್ಪೆಕ್ಟರನ್ನೂ ಕೇಳಿ.